ಹಾಡಿ: ಒಂದು ಕಿರುಪದದ ಅರ್ಥಚರಿತ್ರೆ

ಸಾರಾಂಶ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಆದಿವಾಸಿಗಳ ನೆಲೆಗೆ ‘ಹಾಡಿ’ ಎಂದು ಹೆಸರು. ಇದೇ ಪದ ಹಳಗನ್ನಡದಲ್ಲಿ ಊರು, ತಮಿಳಿನಲ್ಲಿ ಗೋವಳರ ನೆಲೆ ಮತ್ತು ದಂಡಿನ ಬೀಡು, ಕೊಡವದಲ್ಲಿ ಕುರುಬರ ಗುಡಿಸಲು, ವಯನಾಡಿನ ಮಲಯಾಳದಲ್ಲಿ ತೋಟದ ಕೂಲಿಕಾರರ ಸಾಲುಮನೆ, ಕರಾವಳಿಯ ಕನ್ನಡದಲ್ಲಿ ಕಿರುಗಾಡು. ಈ ಅರ್ಥಗಳು ಹೇಗೆ ಕವಲೊಡೆದವು ಎಂಬುದನ್ನು ಧ್ವನಿವ್ಯತ್ಯಾಸ, ಶಾಸನಗಳ ನಾಡುಹೆಸರು ಮತ್ತು ನೆರೆನುಡಿಗಳ ಬಳಕೆಯ ಆಧಾರದಿಂದ ಇಲ್ಲಿ ಪರಿಶೀಲಿಸಿದ್ದೇವೆ. ಪದದ ಅರ್ಥವನ್ನು ಅದರ ಎದುರಿಗೆ ನಿಲ್ಲುವ ಇನ್ನೊಂದು ಪದ ನಿರ್ಧರಿಸುತ್ತದೆ ಎಂಬುದು, ಕಾಯ್ದೆಯ ಭಾಷೆಯಲ್ಲಿ ಈ ಸಂಗತಿಗೆ ಹೆಚ್ಚಿನ ತೂಕವಿದೆ ಎಂಬುದು ನಮ್ಮ ವಾದ.

1. ಪ್ರಶ್ನೆ

ಹೆಗ್ಗಡದೇವನಕೋಟೆಯಿಂದ ಅಂತರಸಂತೆಯನ್ನು ಹಾದು ಬಾವಲಿಯ ಕಡೆಗೆ ಹೋಗುವ ದಾರಿಯಲ್ಲಿ ಊರುಗಳ ಹೆಸರು ಬದಲಾಗುತ್ತ ಹೋಗುವುದನ್ನು ಯಾರೂ ಗಮನಿಸಬಹುದು. ಬಯಲಿನಲ್ಲಿ ‘ಹಳ್ಳಿ’, ‘ಪುರ’, ‘ಊರು’ ಎಂದು ಮುಗಿಯುವ ಹೆಸರುಗಳು ಕಾಡಿನ ಅಂಚನ್ನು ಮುಟ್ಟಿದೊಡನೆ ಮತ್ತೊಂದು ಪದವನ್ನು ಜೊತೆಗೆ ಕಟ್ಟಿಕೊಳ್ಳುತ್ತವೆ: ಗೋಳೂರು ಹಾಡಿ, ಆನೆಮಾಳ ಹಾಡಿ, ಬಳ್ಳೆ ಹಾಡಿ. ಹುಣಸೂರು ಮತ್ತು ಪಿರಿಯಾಪಟ್ಟಣ ತಾಲ್ಲೂಕುಗಳ ಪಶ್ಚಿಮದಂಚಿನಲ್ಲೂ ಇದೇ ಪರಿ. ಜೇನುಕುರುಬ, ಬೆಟ್ಟಕುರುಬ, ಯರವ ಸಮುದಾಯಗಳು ವಾಸಿಸುವ ನೆಲೆ ಹಾಡಿ. ಇತರರು ವಾಸಿಸುವ ನೆಲೆ ಊರು ಅಥವಾ ಹಳ್ಳಿ. ಕಾವೇರಿಯ ಕಾಲುವೆ ನೀರುಂಡ ಕೃಷ್ಣರಾಜನಗರದ ಬಯಲಿನಲ್ಲಿ ಹಾಡಿಯ ಬಳಕೆ ಅಪರೂಪ. ಅಲ್ಲಿ ದೊಡ್ಡ ಊರಿನಿಂದ ಬೇರೆಯಾದ ಚಿಕ್ಕ ನೆಲೆಗೆ ‘ಕೊಪ್ಪಲು’ ಎಂಬ ಪದವಿದೆ. (ಸರಗೂರು ಮತ್ತು ಸಾಲಿಗ್ರಾಮ ಈಗ ಪ್ರತ್ಯೇಕ ತಾಲ್ಲೂಕುಗಳಾಗಿದ್ದರೂ ಈ ಲೇಖನದಲ್ಲಿ ಹಳೆಯ ಗಡಿಗಳನ್ನೇ ಅನುಸರಿಸಿದ್ದೇವೆ.)

ಕೊಪ್ಪಲು ಮತ್ತು ಹಾಡಿ ಎರಡೂ ಚಿಕ್ಕ ನೆಲೆಗಳೇ. ಆದರೆ ಕೊಪ್ಪಲು ಎಂಬ ಮಾತು ಅಲ್ಲಿ ಯಾರಿದ್ದಾರೆ ಎಂಬುದನ್ನು ಹೇಳುವುದಿಲ್ಲ. ಹಾಡಿ ಎಂಬ ಮಾತು ಅದನ್ನೇ ಮೊದಲು ಹೇಳುತ್ತದೆ. ಎರಡೇ ಅಕ್ಷರಗಳ ಈ ಪದಕ್ಕೆ ಇಷ್ಟು ನಿಖರವಾದ ಸಾಮಾಜಿಕ ಅರ್ಥ ಎಲ್ಲಿಂದ ಬಂತು? ಇದೇ ಪದ ಕುಂದಾಪುರದಲ್ಲಿ ಕಾಡನ್ನೂ ತಮಿಳುನಾಡಿನಲ್ಲಿ ಊರನ್ನೂ ಸೂಚಿಸುವುದು ಹೇಗೆ? ಇವು ಒಂದೇ ಪದದ ಕವಲುಗಳೋ, ಆಕಸ್ಮಿಕವಾಗಿ ಒಂದೇ ರೂಪ ತಳೆದ ಬೇರೆ ಬೇರೆ ಪದಗಳೋ? ಲೇಖನ ಈ ಪ್ರಶ್ನೆಗಳನ್ನು ಕ್ರಮವಾಗಿ ಎತ್ತಿಕೊಳ್ಳುತ್ತದೆ.

2. ಪಕಾರದಿಂದ ಹಕಾರಕ್ಕೆ

ಹಾಡಿ ಎಂಬುದರ ಹಳಗನ್ನಡ ರೂಪ ‘ಪಾಡಿ’. ಪದಾದಿಯ ಪಕಾರ ಹಕಾರವಾದದ್ದು ಕನ್ನಡದ ಇತಿಹಾಸದ ಅತ್ಯಂತ ಪರಿಚಿತ ಧ್ವನಿವ್ಯತ್ಯಾಸ: ಪಾಲ್–ಹಾಲು, ಪಾವು–ಹಾವು, ಪುಲಿ–ಹುಲಿ, ಪಳ್ಳಿ–ಹಳ್ಳಿ. ಹತ್ತನೆಯ ಶತಮಾನದ ಸುಮಾರಿಗೆ ಶಾಸನಗಳಲ್ಲಿ ತಲೆದೋರಿದ ಈ ಬದಲಾವಣೆ ಮುಂದಿನ ಮೂರು ನಾಲ್ಕು ಶತಮಾನಗಳಲ್ಲಿ ಭಾಷೆಯನ್ನೆಲ್ಲ ವ್ಯಾಪಿಸಿತು. ತಮಿಳು, ಮಲಯಾಳ, ತೆಲುಗು, ತುಳು, ಕೊಡವ ಭಾಷೆಗಳು ಪಕಾರವನ್ನು ಉಳಿಸಿಕೊಂಡವು.

ನಮ್ಮ ಅಧ್ಯಯನಕ್ಷೇತ್ರದ ತಾಲ್ಲೂಕು ಹೆಸರುಗಳೇ ಈ ವ್ಯತ್ಯಾಸಕ್ಕೆ ಉದಾಹರಣೆಗಳಾಗಿ ಒದಗುತ್ತವೆ. ಹುಣಸೂರಿನ ಹುಣಸೆ ಹಿಂದಿನ ಪುಣಿಸೆ. ಹೆಗ್ಗಡದೇವನಕೋಟೆಯ ಹೆಗ್ಗಡೆ ಹಿಂದಿನ ಪೆರ್ಗಡೆ. ಪಿರಿಯಾಪಟ್ಟಣ ಮಾತ್ರ ಹಿರಿಯಪಟ್ಟಣವಾಗದೆ ಹಳೆಯ ಪಕಾರದಲ್ಲೇ ನಿಂತಿದೆ. ಆ ಹೆಸರು ಚಂಗಾಳ್ವ ಅರಸನೊಬ್ಬನಿಂದ ಬಂದಿರಲಿ, ‘ದೊಡ್ಡ ಪಟ್ಟಣ’ ಎಂಬ ಅರ್ಥದಿಂದ ಬಂದಿರಲಿ, ಅಂಕಿತನಾಮವಾಗಿ ಗಟ್ಟಿಗೊಂಡ ಪದ ಧ್ವನಿವ್ಯತ್ಯಾಸಕ್ಕೆ ಸಿಗದೆ ಉಳಿಯಬಲ್ಲದು ಎಂಬುದಕ್ಕೆ ಅದು ಸಾಕ್ಷಿ. ಹಾಗಾದರೆ ಹಾಡಿಯ ಹಕಾರವೂ ಒಂದು ಸಾಕ್ಷಿಯೇ. ಬದಲಾವಣೆ ನಡೆದ ಕಾಲದಲ್ಲಿ ಪದ ಬರಿಯ ಸ್ಥಳನಾಮಗಳೊಳಗೆ ಹೆಪ್ಪುಗಟ್ಟಿರದೆ ಕನ್ನಡದ ನಿತ್ಯಬಳಕೆಯಲ್ಲಿತ್ತು. ಆದುದರಿಂದಲೇ ಭಾಷೆಯ ಉಳಿದ ಪದಗಳೊಡನೆ ಅದೂ ಬದಲಾಯಿತು.

ಈ ಸಾಕ್ಷ್ಯಕ್ಕೆ ಇನ್ನೊಂದು ಮಗ್ಗುಲುಂಟು. ಹಾಡಿಗಳಲ್ಲಿ ವಾಸಿಸುವ ಎಲ್ಲರ ಮನೆಮಾತು ಕನ್ನಡಕ್ಕೆ ಸಮಾನವಾಗಿ ಹತ್ತಿರವಾದುದಲ್ಲ. ಜೇನುಕುರುಬರ ನುಡಿ ಕನ್ನಡಕ್ಕೆ ಬಹಳ ಸಮೀಪ; ರವುಳ ಎಂದೂ ಕರೆಯಲಾಗುವ ಯರವರ ನುಡಿಯ ಸಂಬಂಧ ಮಲಯಾಳ ಮತ್ತು ಕೊಡವಗಳ ಕಡೆಗೆ. ಆದರೂ ಮೈಸೂರು ಜಿಲ್ಲೆಯ ದಾಖಲೆಗಳಲ್ಲಿ ಇವರೆಲ್ಲರ ನೆಲೆಯೂ ‘ಹಾಡಿ’ಯೇ, ‘ಪಾಡಿ’ಯಲ್ಲ. ಅಂದರೆ ದಾಖಲೆಗೆ ಬಂದಿರುವುದು ಕನ್ನಡದ ಉಚ್ಚಾರ. ನೆಲೆಯೊಳಗಿನವರು ತಮ್ಮ ನೆಲೆಗೆ ಏನೆನ್ನುತ್ತಾರೆ ಎಂಬುದಕ್ಕಿಂತ, ಹೊರಗಿನ ಕನ್ನಡಿಗರು ಅದಕ್ಕೆ ಏನೆಂದರು ಎಂಬುದನ್ನು ಈ ಹಕಾರ ತಿಳಿಸುತ್ತದೆ.

ಇಲ್ಲಿಯೇ ಒಂದು ತಪ್ಪುದಾರಿಯನ್ನು ಮುಚ್ಚಬೇಕು. ‘ಹಾಡು’ ಧಾತುವಿನ ಪೂರ್ವಕಾಲ ಕೃದಂತವೂ ‘ಹಾಡಿ’ಯೇ ಆದ್ದರಿಂದ, ಹಾಡುಹಸೆಯ ಜನರ ನೆಲೆಗೆ ಈ ಹೆಸರು ಬಂದಿತೆಂದು ಊಹಿಸುವುದು ಸುಲಭ. ತಮಿಳಿನಲ್ಲಿಯೂ ಈ ಸಮರೂಪತೆ ಇದ್ದೇ ಇದೆ: ನೆಲೆಯನ್ನು ಹೇಳುವ ಪಾಡಿ, ‘ಹಾಡಿದ ನಂತರ’ ಎಂದು ಹೇಳುವ ಪಾಡಿ. ಎರಡೂ ಭಾಷೆಗಳಲ್ಲಿ ರೂಪ ಒಂದೇ ಆಗಿರುವುದರಿಂದ ಧ್ವನಿಯ ಆಧಾರದ ಮೇಲೆ ಇವನ್ನು ಬೇರ್ಪಡಿಸಲಾಗದು. ಅರ್ಥದ ಆಧಾರವೊಂದೇ ಉಳಿಯುತ್ತದೆ. ಹಾಡುವಿಕೆಗೂ ನೆಲೆಗೂ ನಡುವೆ ಸೇತುವೆಯಾಗಬಲ್ಲ ಬಳಕೆ ಯಾವ ಸೋದರಭಾಷೆಯಲ್ಲೂ ಕಾಣುವುದಿಲ್ಲ. 1961ರಲ್ಲಿ ಮೊದಲು ಪ್ರಕಟವಾಗಿ 1984ರಲ್ಲಿ ಪರಿಷ್ಕೃತವಾದ ಬರೋ ಮತ್ತು ಎಮೆನೊ ಅವರ ದ್ರಾವಿಡ ಜ್ಞಾತಿಪದಕೋಶವೂ ಇವನ್ನು ಬೇರೆ ಬೇರೆ ನಮೂದುಗಳಾಗಿಯೇ ಇಟ್ಟಿದೆ.

3. ಸಾವಿರಗಳ ಪಾಡಿ

ಇಂದಿನ ಹಾಡಿ ಕೆಲವೇ ಗುಡಿಸಲುಗಳ ನೆಲೆ. ಆದರೆ ಇದೇ ನೆಲದಲ್ಲಿ ಸಾವಿರ ವರ್ಷಗಳ ಹಿಂದೆ ಇದೇ ಪದ ಒಂದು ರಾಜ್ಯದ ಹೆಸರಿನ ಅಂಗವಾಗಿತ್ತು.

ಹೆಗ್ಗಡದೇವನಕೋಟೆ ತಾಲ್ಲೂಕಿನ ಕಿತ್ತೂರು ಪ್ರಾಚೀನ ಪುನ್ನಾಡಿನ ರಾಜಧಾನಿ ಕಿತ್ತಿಪುರವೆಂದು ಇತಿಹಾಸಕಾರರು ಗುರುತಿಸಿದ್ದಾರೆ. ಪುನ್ನಾಡು ಗಂಗರ ರಾಜ್ಯದಲ್ಲಿ ಸೇರಿಹೋದ ಮೇಲೆ ಕಪಿಲೆಯ ಈ ಕಣಿವೆ ಗಂಗವಾಡಿಯ ಭಾಗವಾಯಿತು. ಕನ್ನಡ ಶಾಸನಗಳು ‘ಗಂಗವಾಡಿ 96,000’ ಎಂದೂ ‘ನೊಳಂಬವಾಡಿ 32,000’ ಎಂದೂ ಸಂಖ್ಯೆಯೊಡನೆ ಕರೆಯುವ ನಾಡುಗಳನ್ನು ಒಂದನೆಯ ರಾಜರಾಜ ಚೋಳನ ತಮಿಳು ಶಾಸನಗಳು ಅವನ ವಿಜಯಗಳ ಪಟ್ಟಿಯಲ್ಲಿ ಗಂಗಪಾಡಿ, ನುಳಂಬಪಾಡಿ ಎಂದು ಹೆಸರಿಸುತ್ತವೆ. ಜೊತೆಗೆ ತಡಿಗೈಪಾಡಿಯೂ ಇದೆ. ಆ ಪಟ್ಟಿಯಲ್ಲಿ ವೇಂಗೈನಾಡು, ಕುಡಮಲೈನಾಡುಗಳೂ ಇರುವುದರಿಂದ ‘ಪಾಡಿ’ ಮತ್ತು ‘ನಾಡು’ ಎರಡೂ ಪ್ರದೇಶವಾಚಕಗಳಾಗಿ ಸಮಾನ ಪಂಕ್ತಿಯಲ್ಲಿ ಕುಳಿತಿವೆ.

ಕನ್ನಡದಲ್ಲಿ ವಾಡಿ, ತಮಿಳಿನಲ್ಲಿ ಪಾಡಿ ಎಂಬ ಈ ಭೇದವನ್ನು ಎರಡು ಬಗೆಯಲ್ಲಿ ವಿವರಿಸಬಹುದು. ಸಮಾಸದ ಉತ್ತರಪದದ ಮೊದಲಿನ ಪಕಾರ ವಕಾರವಾಗುವುದು ಹಳಗನ್ನಡದ ಸಂಧಿನಿಯಮ: ಬೆಮರ್+ಪನಿ ಬೆಮರ್ವನಿಯಾಗುತ್ತದೆ, ನೀರ್+ಪೊನಲ್ ನೀರ್ವೊನಲ್ ಆಗುತ್ತದೆ. ಅದೇ ನಿಯಮದಂತೆ ಗಂಗ+ಪಾಡಿ ಗಂಗವಾಡಿಯಾಗಬಹುದು. ಇನ್ನೊಂದು ಬಗೆಯಲ್ಲಿ ನೋಡಿದರೆ, ಸಂಸ್ಕೃತದ ವಾಟ, ವಾಟಿಕಾ ಶಬ್ದಗಳಿಂದ ಬಂದ, ‘ಆವರಣ’ ಎಂಬ ಮೂಲಾರ್ಥದ ವಾಡಿಯೇ ಇಲ್ಲಿಯದು. ತಮಿಳು ಶಾಸನಕಾರರು ಅದನ್ನು ತಮ್ಮ ಪಾಡಿಗೆ ಹೊಂದಿಸಿಕೊಂಡರು. ಮೊದಲ ವಿವರಣೆ ಹೆಚ್ಚು ಸರಳವೆಂದು ನಾವು ಭಾವಿಸುತ್ತೇವೆ. ಅದು ಕನ್ನಡದ ಒಳಗಿನ ನಿಯಮವನ್ನೇ ಅವಲಂಬಿಸಿದೆ ಮತ್ತು ಸಮಕಾಲೀನ ನೆರೆಭಾಷೆಯ ಸಾಕ್ಷ್ಯ ಅದಕ್ಕೆ ಬೆಂಬಲವಾಗಿದೆ. ಆದರೂ ನಂತರದ ಶತಮಾನಗಳಲ್ಲಿ ಎರಡು ವಾಡಿಗಳು ಬೆರೆತಿವೆ ಎಂಬುದನ್ನು ಒಪ್ಪಬೇಕು. ಇಂದು ಒಂದು ಸ್ಥಳನಾಮದ ಕೊನೆಯ ವಾಡಿಯನ್ನು ಕಂಡೊಡನೆ ಅದರ ಮೂಲ ಇದೇ ಎಂದು ಹೇಳಲಾಗದು.

96,000 ಎಂಬುದು ಹಳ್ಳಿಗಳ ಸಂಖ್ಯೆಯೋ, ಕಂದಾಯದ ಮೊತ್ತವೋ ಎಂಬ ವಿದ್ವಾಂಸರ ಚರ್ಚೆಯನ್ನು ಇಲ್ಲಿ ಮುಂದುವರಿಸಬೇಕಾಗಿಲ್ಲ. ನಮಗೆ ಮುಖ್ಯವಾದುದು ಅದು ಎಣಿಕೆಯಾಗಿತ್ತೆಂಬ ಸಂಗತಿ. ಗಂಗವಾಡಿ ಲೆಕ್ಕಕ್ಕೆ ಬಂದ ನಾಡು. ಅದೇ ಕಣಿವೆಯ ಇಂದಿನ ಹಾಡಿ, ಮುಂದೆ ಕಾಣುವಂತೆ, ಲೆಕ್ಕದಿಂದ ಹೊರಗುಳಿದ ನೆಲೆಯ ಹೆಸರು.

4. ನೆರೆನುಡಿಗಳ ಪಾಡಿ

ಈ ಬದಲಾವಣೆಯನ್ನು ಅರಸೊತ್ತಿಗೆಯಿಂದ ಗುಡಿಸಲಿಗೆ ಇಳಿದ ಅರ್ಥಾಪಕರ್ಷವೆಂದು ಓದುವ ಆಸೆ ಸಹಜ. ನೆರೆನುಡಿಗಳ ಸಾಕ್ಷ್ಯ ಅದಕ್ಕೆ ಎಡೆಗೊಡುವುದಿಲ್ಲ.

ತಮಿಳಿನಲ್ಲಿ ಪಾಡಿಗೆ ಮೂರು ಬಳಕೆಗಳು ಸ್ಪಷ್ಟ. ಮೊದಲನೆಯದು ಊರು ಎಂಬ ಸಾಮಾನ್ಯಾರ್ಥ; ವಾಣಿಯಂಬಾಡಿಯಂಥ ಹೆಸರುಗಳಲ್ಲಿ ಅದು ನಿಂತಿದೆ. ಎರಡನೆಯದು ಗೋವಳರ ನೆಲೆ. ಆಂಡಾಳ್ ತನ್ನ ತಿರುಪ್ಪಾವೈಯಲ್ಲಿ ಗೋಕುಲವನ್ನು ಕರೆಯುವುದು ಆಯ್ಪ್ಪಾಡಿ ಎಂದು. ಶಿಲಪ್ಪದಿಕಾರದ ಕಣ್ಣಗಿ ಮದುರೆಯ ಹೊರಗೆ ತಂಗುವುದು ಗೋವಳರ ಇಂಥ ನೆಲೆಯಲ್ಲಿಯೇ. ಮೂರನೆಯದು ದಂಡು ಇಳಿದ ಬೀಡು. ಸಾಮಾನ್ಯಾರ್ಥವನ್ನು ಬದಿಗಿಟ್ಟರೆ ಉಳಿದೆರಡಕ್ಕೂ ಸಾಮ್ಯವಿದೆ: ಎರಡೂ ಕೋಟೆಕೊತ್ತಲಗಳ ನಗರದಿಂದ ಹೊರಗಿನವು, ಎರಡೂ ಕಿತ್ತು ಮತ್ತೆ ಹೂಡಬಹುದಾದವು. ಕಾಟ್ಪಾಡಿ ಎಂಬ ಹೆಸರನ್ನು ‘ಕಾಡಿನ ಪಾಡಿ’ ಎಂದು ಬಿಡಿಸುವುದಾದರೆ ಅಲ್ಲಿ ಕಾಡೆಂಬ ಅರ್ಥವನ್ನು ಬೇರೊಂದು ಪದ ಹೊತ್ತಿದೆ. ಪಾಡಿಯ ಪಾಲಿಗೆ ಬಂದಿರುವುದು ವಾಸವೊಂದೇ.

ಮಲಯಾಳದಲ್ಲಿ ಪದ ಹಳ್ಳಿಗಳ ಹೆಸರುಗಳಲ್ಲಿ ಉಳಿದಿರುವುದರ ಜೊತೆಗೆ ಹೊಸದೊಂದು ಅರ್ಥವನ್ನೂ ಪಡೆದಿದೆ. ವಯನಾಡಿನ ಚಹಾ ತೋಟಗಳಲ್ಲಿ ಕೂಲಿಕಾರರ ಸಾಲುಮನೆಗಳಿಗೆ ಪಾಡಿ ಎಂದೇ ಹೆಸರು. 2024ರ ಜುಲೈ 30ರ ಭೂಕುಸಿತದ ವರದಿಗಳಲ್ಲಿ ಈ ಪದ ಮತ್ತೆ ಮತ್ತೆ ಕಾಣಿಸಿಕೊಂಡು ಕೇರಳದ ಹೊರಗಿನ ಓದುಗರಿಗೂ ಪರಿಚಿತವಾಯಿತು. ಗಡಿಯ ಈಚೆಗೆ ಕೊಡಗಿನ ಕಾಫಿ ತೋಟಗಳಲ್ಲಿ ಇಂಥವನ್ನೇ ‘ಲೈನ್ ಮನೆ’ ಎನ್ನುತ್ತಾರೆ. ಕೊಡವ ಭಾಷೆಯಲ್ಲಿಯೂ ಪಾಡಿ ಇದೆ. ಕಕ್ಕಬ್ಬೆಯ ಬಳಿಯ ಪಾಡಿ ಇಗ್ಗುತಪ್ಪ ದೇವಾಲಯದ ಹೆಸರಿನಲ್ಲಿ ಅದು ಪೂಜ್ಯ ಸ್ಥಳ. ಜ್ಞಾತಿಪದಕೋಶ ದಾಖಲಿಸುವ ಸಾಮಾನ್ಯ ನಾಮವಾಗಿ ಅದು ಕುರುಬರ ಗುಡಿಸಲು. ನಮ್ಮ ತಾಲ್ಲೂಕುಗಳ ಹಾಡಿಗೆ ಅರ್ಥದಲ್ಲಿ ಅತ್ಯಂತ ಹತ್ತಿರದ ಸಾಕ್ಷ್ಯ ಇದೇ. ಹುಣಸೂರು ಮತ್ತು ಪಿರಿಯಾಪಟ್ಟಣಗಳು ಕೊಡಗಿನ ನೆರೆಯವೆಂಬುದನ್ನೂ ನಾಗರಹೊಳೆಯ ಕಾಡು ಎರಡೂ ಜಿಲ್ಲೆಗಳಲ್ಲಿ ಹರಡಿದೆ ಎಂಬುದನ್ನೂ ನೆನೆದರೆ, ‘ಆದಿವಾಸಿಯ ನೆಲೆ’ ಎಂಬ ವಿಶೇಷಾರ್ಥ ಒಂದು ಭಾಷೆಯದಾಗಿರದೆ ಒಂದು ಪ್ರದೇಶದ್ದಾಗಿದೆ ಎಂದು ಹೇಳಬಹುದು. ಭಾಷಾಗಡಿಯನ್ನು ದಾಟಿ ಹರಡಿದ ಪ್ರಾದೇಶಿಕ ಅರ್ಥವಿದು.

ತೆಲುಗಿನ ವಿಷಯದಲ್ಲಿ ಎಚ್ಚರ ಬೇಕು. ಊರಹೆಸರುಗಳ ಕೊನೆಯಲ್ಲಿ ಬರುವ ‘ಪಾಡು’ ನಮ್ಮ ಪದದ ಜ್ಞಾತಿಯೆಂದು ಕೋಶಕಾರರು ಒಪ್ಪಿದ್ದಾರೆ. ಆದರೆ ತೆಲುಗಿನಲ್ಲಿ ‘ಹಾಳು’ ಎಂಬ ಅರ್ಥದ ಇನ್ನೊಂದು ಪಾಡು ಇದೆ. ಅದು ತಮಿಳಿನ ‘ಪಾೞ್’, ಕನ್ನಡದ ‘ಹಾಳು’ ಶಬ್ದಗಳ ಬಂಧು. ಪೈರುಪಶುಗಳ ಸಮೃದ್ಧಿಯನ್ನು ಹೇಳುವ ‘ಪಾಡಿ ಪಂಟ’ ಎಂಬ ನುಡಿಗಟ್ಟಿನ ಪಾಡಿಯನ್ನು ತಮಿಳಿನ ಗೋವಳರ ಪಾಡಿಗೆ ಜೋಡಿಸುವ ಆಸೆಯೂ ಹುಟ್ಟುತ್ತದೆ. ಅದನ್ನು ಹಾಲಿನ ಶಬ್ದಕುಟುಂಬಕ್ಕೆ ಸೇರಿಸುವುದು ಹೆಚ್ಚು ಯುಕ್ತ. ಕಿರಿದಾದ ಪದಗಳ ಅಧ್ಯಯನದಲ್ಲಿ ಇದು ಸದಾ ಇರುವ ಅಪಾಯ: ಅಕ್ಷರಗಳು ಕಡಿಮೆಯಾದಷ್ಟೂ ಆಕಸ್ಮಿಕ ಸಾಮ್ಯಗಳು ಹೆಚ್ಚು.

5. ಕಾಡಾದ ಹಾಡಿ

ಘಟ್ಟದ ಕೆಳಗಿನ ಕನ್ನಡದಲ್ಲಿ ಹಾಡಿ ಎಂದರೆ ಮನೆಯ ಹಿಂದಿನ, ಗದ್ದೆಯ ಅಂಚಿನ ಕಿರುಗಾಡು. ಕುಂದಾಪುರದ ಕಡೆಯವರೊಬ್ಬರು ‘ಹಾಡಿಗೆ ಹೋದರು’ ಎಂದರೆ ಸೊಪ್ಪಿಗೋ ಸೌದೆಗೋ ಹೋದರೆಂದು ಅರ್ಥ. ಹೆಗ್ಗಡದೇವನಕೋಟೆಯವರೊಬ್ಬರು ಅದೇ ಮಾತನ್ನಾಡಿದರೆ ಜನರನ್ನು ಕಾಣಲು ಹೋದರೆಂದು ಅರ್ಥ. ಮಲೆನಾಡಿನ ‘ಹಾಡ್ಯ’ವೂ ಕರಾವಳಿಯ ಅರ್ಥಕ್ಕೇ ಹತ್ತಿರ. ಕಾಸರಗೋಡಿನ ಬಳಿ ಪಾಡಿ ಎಂಬ ಗ್ರಾಮವಿದೆ. ಆ ಹೆಸರು ಎರಡರಲ್ಲಿ ಯಾವ ಅರ್ಥದಿಂದ ಹುಟ್ಟಿತೆಂದು ರೂಪವೊಂದರಿಂದಲೇ ತೀರ್ಮಾನಿಸಲಾಗದು.

ಇವೆರಡು ಹಾಡಿಗಳು ಬೇರೆ ಬೇರೆ ಮೂಲದವೇ? ಕಾಡಿನ ಹಾಡಿಯನ್ನು ‘ಪಾೞ್’ ಶಬ್ದದಿಂದ, ಅಂದರೆ ಉಳದೆ ಬಿಟ್ಟ ಪಾಳುಭೂಮಿಯ ಅರ್ಥದಿಂದ, ತರಬಹುದೆಂದು ತೋರಬಹುದು. ಆದರೆ ಹಳಗನ್ನಡದ ೞಕಾರ ಮುಂದೆ ಳಕಾರವಾಗುತ್ತದೆ, ವ್ಯಂಜನದ ಹಿಂದೆ ರೇಫವಾಗುತ್ತದೆ. ಡಕಾರವಾಗುವುದು ತೆಲುಗಿನ ನಡೆ, ಕನ್ನಡದ ನಡೆಯಲ್ಲ. ‘ಪಾೞ್’ ಕನ್ನಡದಲ್ಲಿ ಹಾಳಾಯಿತು, ಪಾಳಾಗಿಯೂ ಉಳಿಯಿತು. ಅದು ಹಾಡಿಯಾಗಲು ದಾರಿಯಿಲ್ಲ. ಆದ್ದರಿಂದ ಎರಡೂ ಹಾಡಿಗಳ ಮೂಲ ಒಂದೇ ಪಾಡಿ ಎಂದೂ, ನೆಲೆಯ ಹೆಸರು ನೆಲೆಯನ್ನು ಸುತ್ತಿದ ನೆಲಕ್ಕೆ ಸಂದಿತೆಂದೂ ನಾವು ಊಹಿಸುತ್ತೇವೆ. ದನ ಕೂಡುವ ಬೀಡು, ಆ ದನ ಮೇಯುವ ಸುತ್ತಿನ ಕುರುಚಲು, ಕೊನೆಗೆ ಕುರುಚಲು ಮಾತ್ರ: ಈ ಕ್ರಮದಲ್ಲಿ ಅರ್ಥ ಸರಿದಿರಬೇಕು.

ಇಂಥ ಸರಿತ ಅಪರೂಪವಲ್ಲ ಎಂಬುದಕ್ಕೆ ಹುಣಸೂರು ಸೀಮೆಯಲ್ಲಿಯೇ ಪ್ರತಿಸಾಕ್ಷ್ಯವಿದೆ. ಮೈಸೂರು ಅರಸರ ಅಮೃತಮಹಲ್ ದನಗಳ ಮೇವಿಗಾಗಿ ಕಾದಿಟ್ಟ ಹುಲ್ಲುಗಾವಲುಗಳಿಗೆ ‘ಕಾವಲು’ ಎಂದು ಹೆಸರು. ಕಾಯುವ ಕ್ರಿಯೆಯ ಹೆಸರು ಕಾದ ನೆಲಕ್ಕೆ ಬಂದಿತು. ಆ ನೆಲದಲ್ಲಿ ಜನ ನೆಲೆಸಿದ ಮೇಲೆ ಊರಹೆಸರಿನ ಕೊನೆಗೂ ಅಂಟಿತು. ಅಲ್ಲಿ ನೆಲದಿಂದ ನೆಲೆಗೆ, ಇಲ್ಲಿ ನೆಲೆಯಿಂದ ನೆಲಕ್ಕೆ. ‘ಹಟ್ಟಿ’ಯ ಚರಿತ್ರೆಯೂ ಇದೇ ಬಗೆಯದು: ದನದ ಕೊಟ್ಟಿಗೆಯನ್ನು ಹೇಳುವ ಪದ ಗೊಲ್ಲರಹಟ್ಟಿಯಲ್ಲಿ ಜನವಸತಿಯಾಯಿತು, ನೀಲಗಿರಿಯ ಬಡಗರಲ್ಲಿ ಊರೇ ಆಯಿತು.

ನಮ್ಮ ತಾಲ್ಲೂಕುಗಳ ಹಾಡಿಯಲ್ಲಿ ಕಾಡಿನ ಅರ್ಥ ಬೆರೆತಿದೆಯೇ ಎಂಬ ಪ್ರಶ್ನೆ ಉಳಿಯುತ್ತದೆ. ಹಾಡಿಗಳು ಕಾಡಿನಲ್ಲಿರುವುದರಿಂದ ಹಾಗೆ ತೋರುವುದು ಸಹಜ. ಇದನ್ನು ಪರೀಕ್ಷಿಸಲು ಇತಿಹಾಸವೇ ಒಂದು ಸಂದರ್ಭವನ್ನು ಒದಗಿಸಿದೆ. 1974ರಲ್ಲಿ ಕಬಿನಿ ಜಲಾಶಯವಾದಾಗ ಕಣಿವೆಯ ಹಲವು ನೆಲೆಗಳು, ಹಳೆಯ ಕಿತ್ತೂರಿನ ನೆಲವೂ ಸೇರಿ, ನೀರಿಗೆ ಸಂದವು. ನಾಗರಹೊಳೆ ರಾಷ್ಟ್ರೀಯ ಉದ್ಯಾನವಾದ ಮೇಲೆ ಕಾಡಿನೊಳಗಿನ ಅನೇಕ ಕುಟುಂಬಗಳನ್ನು ಹೊರಗೆ ತರಲಾಯಿತು. ಹುಣಸೂರು ತಾಲ್ಲೂಕಿನ ನಾಗಾಪುರ ಅಂಥ ಒಂದು ಪುನರ್ವಸತಿ ಕೇಂದ್ರ. ಅಲ್ಲಿ ಕಾಡಿಲ್ಲ, ಸರ್ಕಾರ ಅಳೆದು ಕೊಟ್ಟ ಹೊಲವಿದೆ, ಸಾಲಾಗಿ ಕಟ್ಟಿದ ಮನೆಗಳಿವೆ, ಹೆಸರು ‘ಪುರ’ ಎಂದು ಮುಗಿಯುತ್ತದೆ. ಆದರೂ ಅದನ್ನು ನಾಗಾಪುರ ಹಾಡಿ ಎಂದೇ ಕರೆಯುತ್ತಾರೆ. ಕಾಡು ಹೋದರೂ ಪದ ಹೋಗಲಿಲ್ಲವೆಂದರೆ, ಪದ ಅಂಟಿರುವುದು ಜನಕ್ಕೆ. ಕರಾವಳಿಯ ಹಾಡಿಯಲ್ಲಿ ಜನ ಕಳಚಿ ಕಾಡು ಉಳಿಯಿತು. ಇಲ್ಲಿ ಕಾಡು ಕಳಚಿ ಜನ ಉಳಿದರು.

6. ಎದುರುಪದದ ಬಲ

ಬಾವಲಿಯ ಸೇತುವೆಯನ್ನು ದಾಟಿದರೆ ಈ ಚರಿತ್ರೆಯ ಅತ್ಯಂತ ಬೋಧಪ್ರದ ಸಂಗತಿ ಎದುರಾಗುತ್ತದೆ. ಸೇತುವೆಯ ಈಚೆಗೆ ‘ಊರು’ ಎಂದರೆ ಹಾಡಿಯಲ್ಲದ್ದು: ದೇವಸ್ಥಾನ, ಅಂಗಡಿ, ಗೌಡರ ಮನೆಗಳಿರುವ ನೆಲೆ. ಸೇತುವೆಯ ಆಚೆಗೆ, ವಯನಾಡಿನ ಆಡಳಿತದ ಮಲಯಾಳದಲ್ಲಿ, ‘ಊರ್’ ಎಂದರೆ ಆದಿವಾಸಿಗಳ ನೆಲೆ. ಅವರ ಗ್ರಾಮಸಭೆಗೆ ‘ಊರುಕೂಟ್ಟಂ’ ಎಂದು ಹೆಸರು. ಕನ್ನಡದಲ್ಲಿ ಯಾವ ಪದ ಹಾಡಿಯನ್ನು ಹೊರಗಿಡುತ್ತದೆಯೋ ಅದೇ ಪದ ಅಲ್ಲಿ ಹಾಡಿಯ ಅರ್ಥವನ್ನು ಹೊತ್ತಿದೆ. ಕನ್ನಡದಲ್ಲಿ ಆದಿವಾಸಿಯನ್ನು ಸೂಚಿಸುವ ಪದದ ಜ್ಞಾತಿ ಅಲ್ಲಿ ತೋಟದ ಕೂಲಿಯನ್ನು ಸೂಚಿಸುತ್ತದೆ.

2024ರ ಜೂನ್ ತಿಂಗಳಲ್ಲಿ ಕೇರಳ ಸರ್ಕಾರ ‘ಕಾಲನಿ’, ‘ಸಂಕೇತಂ’, ‘ಊರ್’ ಎಂಬ ಹೆಸರುಗಳು ಅಲ್ಲಿ ವಾಸಿಸುವವರನ್ನು ಕೀಳಾಗಿ ಕಾಣಿಸುತ್ತವೆಂದು ಅವನ್ನು ಕೈಬಿಡಲು ಆದೇಶಿಸಿತು. ಬದಲಿಗೆ ‘ನಗರ್’, ‘ಉನ್ನತಿ’, ‘ಪ್ರಕೃತಿ’ಯಂಥ ಹೆಸರುಗಳನ್ನು ಸೂಚಿಸಿತು. ‘ನಿಮ್ಮ ಊರು ಯಾವುದು’ ಎಂದು ಎಲ್ಲರನ್ನೂ ಗೌರವದಿಂದಲೇ ಕೇಳುವ ಕನ್ನಡಿಗನಿಗೆ ಊರು ಎಂಬುದು ಹೀನಾರ್ಥಕವಾಗಬಲ್ಲದೆಂದು ತೋರುವುದೇ ಕಷ್ಟ. ಆದರೆ ಅಲ್ಲಿ ಆ ಪದದ ಎದುರಿಗೆ ‘ಗ್ರಾಮ’, ‘ನಗರ’ಗಳು ನಿಂತಿವೆ, ಎದುರುಪದ ಬದಲಾದೊಡನೆ ಊರಿನ ಬೆಲೆಯೂ ಬದಲಾಗಿದೆ.

ಇಂಡೋ-ಆರ್ಯ ಭಾಷೆಗಳಲ್ಲಿಯೂ ಇದಕ್ಕೆ ಹೋಲುವ ಜೋಡಿಯಿದೆ. ಸಂಸ್ಕೃತದ ‘ಪಾಟಕ’ ಹಳ್ಳಿಯ ಒಂದು ಭಾಗವನ್ನು ಹೇಳುತ್ತದೆ. ಬಂಗಾಳಿಯ ‘ಪಾಡಾ’ ಕೊಲ್ಕತ್ತದ ಯಾರಿಗೂ ತಮ್ಮ ಬಾಲ್ಯದ ಕೇರಿಯನ್ನು ನೆನಪಿಸುವ ಆಪ್ತ ಪದ. ಮರಾಠಿಯ ‘ಪಾಡಾ’ ಠಾಣೆ, ಪಾಲಘರ್ ಜಿಲ್ಲೆಗಳಲ್ಲಿ ಆದಿವಾಸಿಗಳ ನೆಲೆ. ಇವು ದ್ರಾವಿಡದ ಪಾಡಿಯೊಡನೆ ಸಂಬಂಧ ಹೊಂದಿವೆಯೇ, ಹೊಂದಿದ್ದರೆ ಯಾವ ಕಡೆಯಿಂದ ಯಾವ ಕಡೆಗೆ ಪದ ಹೋಯಿತು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ನಮ್ಮ ವಾದಕ್ಕೆ ಆ ತೀರ್ಮಾನ ಬೇಕಾಗಿಯೂ ಇಲ್ಲ. ಒಂದೇ ಪದ ಒಂದು ಕಡೆ ಎಲ್ಲರ ಕೇರಿಯಾಗಿ, ಇನ್ನೊಂದು ಕಡೆ ಆದಿವಾಸಿಗಳ ನೆಲೆಯಾಗಿ ನಿಂತಿರುವುದೇ ಸಾಕು. ಯುರೋಪಿನಲ್ಲಿಯೂ ಒಂದೇ ಮೂಲದ ಪದ ಜರ್ಮನ್ ಭಾಷೆಯಲ್ಲಿ ‘ಡೋರ್ಫ್’ ಎಂಬ ಪೂರ್ಣಪ್ರಮಾಣದ ಹಳ್ಳಿ, ಇಂಗ್ಲಿಷಿನಲ್ಲಿ ‘ಥಾರ್ಪ್’ ಎಂಬ ಚಿಕ್ಕ ಕೊಪ್ಪಲು, ವೆಲ್ಷ್ ಭಾಷೆಯಲ್ಲಿ ‘ಟ್ರೆವ್’ ಎಂಬ ಪಟ್ಟಣ.

ನಮ್ಮ ನಾಲ್ಕು ತಾಲ್ಲೂಕುಗಳೊಳಗೆ ಈ ಎದುರುಪದಗಳ ವ್ಯವಸ್ಥೆ ಇನ್ನೂ ಬೆಳೆಯುತ್ತಿದೆ. 1960ರ ದಶಕದ ಆರಂಭದಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ನೆಲೆಸಿದ ಟಿಬೆಟನ್ನರ ಹಳ್ಳಿಗಳಿಗೆ ‘ಕ್ಯಾಂಪ್’ ಎಂದು ಹೆಸರಾಯಿತು. ಅರ್ಧ ಶತಮಾನ ಕಳೆದು, ವಿಹಾರಗಳೂ ಶಾಲೆಗಳೂ ಜೋಳದ ಹೊಲಗಳೂ ಬೇರೂರಿದ ಮೇಲೂ ಅವು ಕ್ಯಾಂಪ್‌ಗಳೇ. ಹೀಗೆ ಒಂದೇ ತಾಲ್ಲೂಕಿನಲ್ಲಿ ಹಳ್ಳಿ, ಹಾಡಿ, ಕ್ಯಾಂಪ್ ಎಂಬ ಮೂರು ಪದಗಳು ವಾಸಿಸುವವರು ಯಾರೆಂಬುದನ್ನು ಅನುಸರಿಸಿ ಹಂಚಿಕೆಯಾಗಿವೆ. ದಂಡಿನ ಬೀಡನ್ನು ಪಾಡಿ ಎಂದ ಹಳೆಯ ತಮಿಳಿನ ದೃಷ್ಟಿಯಿಂದ ನೋಡಿದರೆ ಹಾಡಿ ಮತ್ತು ಕ್ಯಾಂಪ್ ಸಮಾನಾರ್ಥಕಗಳು. ಎರಡರಲ್ಲೂ ‘ಇವರು ಇಲ್ಲಿ ತಂಗಿದ್ದಾರೆ’ ಎಂಬ ಧ್ವನಿಯಿದೆ. ಒಂದನ್ನು ಹೊರದೇಶದಿಂದ ಬಂದವರಿಗೆ ಹೇಳಲಾಯಿತು. ಇನ್ನೊಂದನ್ನು ಎಲ್ಲರಿಗಿಂತ ಮೊದಲೇ ಅಲ್ಲಿದ್ದವರಿಗೆ.

7. ಕಾಯ್ದೆಯ ಪುಟದಲ್ಲಿ

ಪದದ ಈ ಕವಲುಗಳು ನಿಘಂಟುಕಾರನ ಕುತೂಹಲಕ್ಕಷ್ಟೇ ಸೀಮಿತವಾಗಿದ್ದರೆ ಲೇಖನವನ್ನು ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ರಾಜ್ಯದ ಶಾಸನಪುಸ್ತಕದಲ್ಲಿ ಎರಡೂ ಹಾಡಿಗಳಿವೆ.

1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೆಯ ಕಲಂ ರೈತರು ಹಿಂದಿನಿಂದ ಅನುಭವಿಸುತ್ತಿದ್ದ ಕೆಲವು ಸವಲತ್ತುಗಳನ್ನು ಉಳಿಸುತ್ತದೆ. ಕುಮ್ಕಿ, ಬಾಣೆ, ಕಾನೆ, ಸೊಪ್ಪಿನ ಬೆಟ್ಟಗಳ ಜೊತೆಗೆ ಉತ್ತರ ಕನ್ನಡದ ‘ಹಾಡಿ’ ಜಮೀನುಗಳನ್ನೂ ಅದು ಹೆಸರಿಸುತ್ತದೆ. ಇದು ಕರಾವಳಿಯ ಹಾಡಿ: ಸಾಗುವಳಿದಾರನು ಸೊಪ್ಪು ಸೌದೆ ತರುವ ನೆಲ. ಭೂಸುಧಾರಣಾ ಕಾಯ್ದೆಗೆ 2016ರ ತಿದ್ದುಪಡಿಯಿಂದ ಸೇರಿದ 38-ಎ ಕಲಮಿನ ವ್ಯಾಪ್ತಿಗೆ ಬರುವ ದಾಖಲೆಯಿಲ್ಲದ ಜನವಸತಿಗಳಲ್ಲಿ ಲಂಬಾಣಿ ತಾಂಡ, ಗೊಲ್ಲರಹಟ್ಟಿ, ಮಜರೆ ಗ್ರಾಮಗಳೊಡನೆ ‘ಹಾಡಿ’ಯೂ ಇದೆ. ಇದು ನಮ್ಮ ತಾಲ್ಲೂಕುಗಳ ಹಾಡಿ: ಜನರಿದ್ದೂ ಗ್ರಾಮನಕ್ಷೆಯಲ್ಲಿ ಇಲ್ಲದ ನೆಲೆ. ಒಂದೇ ಲಿಪಿ, ಒಂದೇ ಕಾಗುಣಿತ. ಒಂದು ಕಾಯ್ದೆಯಲ್ಲಿ ಅದು ನೆಲದ ಬಗೆ, ಇನ್ನೊಂದರಲ್ಲಿ ಜನರ ಬೀಡು.

ಈ ಭೇದದ ಪರಿಣಾಮ ಅರಣ್ಯಹಕ್ಕಿನ ವಿಷಯದಲ್ಲಿ ಎದ್ದು ಕಾಣುತ್ತದೆ. 2006ರ ಅರಣ್ಯಹಕ್ಕು ಕಾಯ್ದೆಯ ‘ಗ್ರಾಮ’ದ ವ್ಯಾಖ್ಯೆಯಲ್ಲಿ ಅರಣ್ಯಗ್ರಾಮಗಳೂ ಹಳೆಯ ವಸತಿಗಳೂ ಅಳತೆಯಾಗದ ಹಳ್ಳಿಗಳೂ, ಅವು ಗ್ರಾಮವೆಂದು ಘೋಷಿತವಾಗಿರಲಿ ಇಲ್ಲದಿರಲಿ, ಸೇರುತ್ತವೆ. ಅಂಥವನ್ನು ಕಂದಾಯ ಗ್ರಾಮಗಳಾಗಿ ಪರಿವರ್ತಿಸಿಕೊಳ್ಳುವ ಹಕ್ಕನ್ನೂ ಆ ಕಾಯ್ದೆ ಮಾನ್ಯ ಮಾಡಿದೆ. ಅರ್ಜಿದಾರರು ತಮ್ಮ ನೆಲೆ ಹಳೆಯದೆಂದು ತೋರಿಸಬೇಕು. ಹಿರಿಯರ ಹೇಳಿಕೆ, ಮನೆ ಬಾವಿಗಳ ಕುರುಹು, ಸಮಾಧಿ, ದೇವರ ತಾಣಗಳು ಸಾಕ್ಷ್ಯವಾಗಬಲ್ಲವು. ಒಂದು ಸ್ಥಳಕ್ಕೆ ‘ಇಂಥ ಹಾಡಿ’ ಎಂಬ ಹೆಸರು ಅಂಟಿರುವುದೂ ಅಲ್ಲಿ ಜನವಸತಿ ಇತ್ತೆಂಬುದರ ಕುರುಹೇ. ಆದರೆ ಅದನ್ನು ಪರಿಶೀಲಿಸುವವರು ಕರಾವಳಿಯ ಅರ್ಥವನ್ನೇ ಬಲ್ಲವರಾಗಿದ್ದರೆ, ಅಥವಾ ಎರಡು ಅರ್ಥಗಳನ್ನೂ ಬೆರೆಸಿದ ನಿಘಂಟನ್ನು ತೆರೆದಿದ್ದರೆ, ‘ಹಾಡಿ’ ಎಂದರೆ ಕಾಡು ಎಂದೇ ಓದಬಹುದು. ಊರಿತ್ತೆಂದು ಹೇಳಬೇಕಾದ ಪದ ಆಗ ಕಾಡಿತ್ತೆಂದು ಸಾಕ್ಷಿ ನುಡಿದಂತಾಗುತ್ತದೆ.

ಆದ್ದರಿಂದ ಇಂಥ ಪದಗಳ ನಿಘಂಟುನಮೂದಿನಲ್ಲಿ ಅರ್ಥಗಳನ್ನು 1, 2, 3 ಎಂದು ಪಟ್ಟಿ ಮಾಡಿದರೆ ಸಾಲದು. ಯಾವ ಸೀಮೆಯ ಬಳಕೆ, ಯಾರು ಯಾರ ನೆಲೆಯ ಬಗ್ಗೆ ಆಡುವ ಮಾತು, ಆ ಸೀಮೆಯಲ್ಲಿ ಅದರ ಎದುರುಪದ ಯಾವುದು ಎಂಬ ಮೂರು ಸಂಗತಿಗಳು ನಮೂದಿನ ಭಾಗವಾಗಬೇಕು. ಕ್ಷೇತ್ರಕಾರ್ಯಕ್ಕೆ ಹೋಗುವ ಸಂಶೋಧಕರು ಕೇಳಬೇಕಾದ ನಾಲ್ಕನೆಯ ಪ್ರಶ್ನೆಯೂ ಇದೆ: ಜೇನುಕುರುಬ, ಬೆಟ್ಟಕುರುಬ, ರವುಳ ನುಡಿಗಳಲ್ಲಿ ಮಾತನಾಡುವಾಗ ಆ ನೆಲೆಯವರು ತಮ್ಮ ನೆಲೆಗೆ ಏನೆನ್ನುತ್ತಾರೆ? ನೆರೆಯ ಚಾಮರಾಜನಗರ ಜಿಲ್ಲೆಯ ಸೋಲಿಗರ ನೆಲೆಗಳು ‘ಪೋಡು’ ಎಂಬ ಅವರದೇ ಪದದಿಂದ ದಾಖಲೆಗೆ ಬಂದಿವೆ. ಮೈಸೂರು ಜಿಲ್ಲೆಯಲ್ಲಿ ಮೂರು ಸಮುದಾಯಗಳ ಮೇಲೆ ಕನ್ನಡದ ಒಂದೇ ಪದ ಕವಿದಿದೆ.

8. ಸಮಾರೋಪ

ಪಾಡಿ ಎಂಬ ಪದ ಎಲ್ಲಿಯೂ ಮೇಲಿನಿಂದ ಕೆಳಗೆ ಬೀಳಲಿಲ್ಲ. ಗೋವಳರ ಪಾಡಿ, ದಂಡಿನ ಪಾಡಿ, ಕುರುಬರ ಪಾಡಿ, ತೋಟದ ಕೂಲಿಕಾರರ ಪಾಡಿ ಇವೆಲ್ಲವೂ ಕೇಂದ್ರವೊಂದರ ಹೊರಗೆ ನಿಂತ ವಸತಿಗಳು. ತಂಜಾವೂರಿನ ಅರಸನಿಗೆ ಗಂಗರ ನಾಡೂ ಹೊರಗಿನದೇ ಆಗಿತ್ತು. ಪದದ ಅರ್ಥದಲ್ಲಿ ಸ್ಥಿರವಾಗಿ ಉಳಿದು ಬಂದಿರುವುದು ಈ ಹೊರಗಿನ ನೋಟವೆಂದು ನಮಗೆ ತೋರುತ್ತದೆ. ನೋಡುವವರು ಬದಲಾದಂತೆ ನೋಟಕ್ಕೆ ಸಿಕ್ಕವರು ಬದಲಾದರು.

ಈ ನೋಟವನ್ನು ಪದದಿಂದ ಕಿತ್ತುಹಾಕಲು ಹೆಸರನ್ನೇ ಬದಲಿಸುವುದು ಒಂದು ದಾರಿ. ಕೇರಳ ಅದನ್ನು ಹಿಡಿದಿದೆ. ಎದುರುಪದದೊಡನೆ ಇರುವ ಅಂತರವನ್ನು ಇಲ್ಲವಾಗಿಸುವುದು ಇನ್ನೊಂದು ದಾರಿ. ಬಳ್ಳೆ ಹಾಡಿಗೆ ಗ್ರಾಮನಕ್ಷೆಯಲ್ಲಿ ಗಡಿಯೂ ಮನೆಗಳಿಗೆ ಹಕ್ಕುಪತ್ರವೂ ಬಂದರೆ, ಅದರ ಹೆಸರಿನಲ್ಲಿ ಹಾಡಿ ಎಂಬ ಪದ ಉಳಿದರೂ, ಕೃಷ್ಣರಾಜನಗರದ ಕೊಪ್ಪಲುಗಳ ಹೆಸರಿನಲ್ಲಿ ಕೊಪ್ಪಲು ಉಳಿದಿರುವಂತೆಯೇ ಉಳಿದೀತು: ಚಿಕ್ಕದೊಂದು ಊರು ಎಂಬಷ್ಟೇ ಅರ್ಥದಲ್ಲಿ.